ದೀಪ ಉರಿದರೆ ಸಾಲದು

ಕಲಿಸುವವನಿಗೆ ಎಲ್ಲವೂ ತಿಳಿದಿರುತ್ತದೆಂದು ಲೋಕವು ನಂಬುತ್ತದೆ. ಕಾಲಕ್ರಮದಲ್ಲಿ ಕಲಿಸುವವನೂ ಹಾಗೆಯೇ ನಂಬಿಕೊಂಡು ಬಿಡುತ್ತಾನೆ. ನಾವು ಘಟ್ಟದ ಮೇಲಣ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರುಷ ಭೌತಶಾಸ್ತ್ರದ ಉಪಾಧ್ಯಾಯರಾಗಿದ್ದೆವು. ಜರ್ಮನಿಯ ಓಮ್ ಮಹಾಶಯನು 1827ರಲ್ಲಿ ಪ್ರಕಟಿಸಿದ ನಿಯಮವನ್ನು ಪ್ರತಿವರುಷವೂ ಕರಿಹಲಗೆಯ ಮೇಲೆ ಬರೆದೆವು, ಅಳಿಸಿದೆವು, ಮತ್ತೆ ಬರೆದೆವು. ಅದನ್ನು ತಪ್ಪಾಗಿ ಬರೆದ ಹುಡುಗರ ಅಂಕಗಳನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದೆವು. ಆದರೆ ಆ ನಿಯಮದ ಅರ್ಥವು ನಮಗೆ ನಿಜವಾಗಿ ತಿಳಿದುದು ನಿವೃತ್ತರಾದ ಮೇಲೆ, ಗಂಗೊಳ್ಳಿಯ ಬಂದರಿನಲ್ಲಿ, ಬೋಟಿನ ತಳದಲ್ಲಿ ಮೊಣಕಾಲೂರಿ ಕುಳಿತಾಗ. ಆ ಪಾಠಕ್ಕೆ ತೆತ್ತ ಬೆಲೆಯು ಒಂದು ರಾತ್ರಿಯ ಪ್ರಾಣಭಯ. ಭಯಪಟ್ಟವರು ಮಾತ್ರ ನಾವಲ್ಲ, ಬೇರೆಯವರು. ಅದನ್ನು ಮರೆಮಾಚದೆ ಇಲ್ಲಿ ಹೇಳಬೇಕೆಂದಿದ್ದೇವೆ.

ಗಂಗೊಳ್ಳಿಯು ನಮ್ಮ ಹುಟ್ಟೂರು. ಕುಂದಾಪುರಕ್ಕೆ ಎದುರಾಗಿ, ಪಂಚಗಂಗಾವಳಿಯು ಸಮುದ್ರವನ್ನು ಸೇರುವ ಅಳಿವೆಯ ದಡದಲ್ಲಿರುವ ಊರು. ನಮ್ಮ ತಂಗಿಯ ಯಜಮಾನರು ತೀರಿಕೊಂಡ ಮೇಲೆ ಅವಳ ಮಗನು ಓದನ್ನು ನಿಲ್ಲಿಸಿ ತಂದೆಯ ಕಸುಬಿಗೇ ಇಳಿದನು. ಅವನಿಗೆಂದು 32 ಅಡಿ ಉದ್ದದ ಹಳೆಯ ಬೋಟೊಂದನ್ನು ಕೊಂಡೆವು. ಹಣದಲ್ಲಿ ಅರ್ಧ ತಂಗಿಯ ಒಡವೆಯದು, ಉಳಿದರ್ಧ ನಮ್ಮ ನಿವೃತ್ತಿಯ ಗಂಟಿನದು. ಅಳಿಯನು ತಂಡೇಲನಾದನು. ಲೆಕ್ಕದ ಪುಸ್ತಕವು ನಮ್ಮ ಪಾಲಿಗೆ ಬಂತು. ಡೀಸೆಲು, ಮಂಜುಗಡ್ಡೆ, ಬಲೆಯ ದುರಸ್ತಿ, ಆಳುಗಳ ಪಾಲು, ಸಾಲದ ಕಂತು, ಇವೆಲ್ಲವನ್ನೂ ಕೆಂಪುಗೆರೆ ಎಳೆದು ಚೊಕ್ಕಟವಾಗಿ ಬರೆದಿಡುತ್ತಿದ್ದೆವು. ಖರ್ಚನ್ನು ತಡೆಯುವುದೇ ಲೆಕ್ಕ ಬರೆಯುವವನ ಧರ್ಮವೆಂಬ ಭಾವನೆ ನಮ್ಮಲ್ಲಿ ಬಲವಾಗಿತ್ತು.

2023ನೆಯ ಇಸವಿಯ ಫೆಬ್ರವರಿಯಲ್ಲಿ ಅಳಿಯನು ಒಂದು ಸಂಜೆ ಬಂದು, "ಮಾವ, ಸೆಲ್ಫು ಒಮ್ಮೊಮ್ಮೆ ಎಳೆಯುವುದಿಲ್ಲ. ಎರಡು ಮೂರು ಸಲ ಒತ್ತಬೇಕಾಗುತ್ತದೆ. ವೈರು, ಬ್ಯಾಟರಿ ಎಲ್ಲ ಒಮ್ಮೆ ಮೇಸ್ತ್ರಿಗೆ ತೋರಿಸೋಣವೇ?" ಎಂದು ಕೇಳಿದನು. ನಾವು ಅವನೊಡನೆ ದಕ್ಕೆಗೆ ಹೋಗಿ ಬೋಟನ್ನೇರಿ ದೀಪದ ಗುಂಡಿಯನ್ನು ಒತ್ತಿದೆವು. ದೀಪವು ಚೆನ್ನಾಗಿ ಬೆಳಗಿತು. "ನೋಡು, ದೀಪ ಉರಿಯುತ್ತಿದೆ. ಎಂದ ಮೇಲೆ ಬ್ಯಾಟರಿಯಲ್ಲಿ ಶಕ್ತಿಯಿದೆ, ವೈರು ಕೂಡಿಕೊಂಡಿದೆ. ಉಳಿದದ್ದನ್ನು ಮಳೆಗಾಲದಲ್ಲಿ ನೋಡೋಣ" ಎಂದೆವು. ಮೂವತ್ತೊಂದು ವರುಷ ವಿಜ್ಞಾನ ಕಲಿಸಿದ ಮಾವನ ಮಾತಿಗೆ ಹುಡುಗನು ಎದುರಾಡಲಿಲ್ಲ. ದುರಸ್ತಿಯ ಕಾಲಮಿನಲ್ಲಿ ಆ ತಿಂಗಳು ನಾವು ಸೊನ್ನೆ ಬರೆದೆವು.

ಮಾರ್ಚಿ ತಿಂಗಳು, ಅಮಾವಾಸ್ಯೆಗೆ ಎರಡು ದಿನವಿತ್ತು. ಕತ್ತಲೆಯ ರಾತ್ರಿಗಳಲ್ಲಿ ಬಲೆಗೆ ಮೀನು ಚೆನ್ನಾಗಿ ಬೀಳುತ್ತದೆಂದು ಅಳಿಯನೂ ಮೂವರು ಆಳುಗಳೂ ಸಂಜೆ ನಾಲ್ಕು ಗಂಟೆಗೆ ಹೊರಟರು. ವಾಡಿಕೆಯಂತೆ ಬೆಳಗ್ಗೆ ಆರಕ್ಕೆಲ್ಲ ಅಳಿವೆಯ ಬಾಯಿಗೆ ಬರಬೇಕಾದ ಬೋಟು ಏಳಾದರೂ ಬರಲಿಲ್ಲ. ಎಂಟಕ್ಕೆ ತಂಗಿಯು ನಮ್ಮ ಮನೆಯ ಬಾಗಿಲಿಗೆ ಬಂದಳು. ಅವಳು ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾವಿಬ್ಬರೂ ದಕ್ಕೆಯ ಕಟ್ಟೆಯ ಮೇಲೆ ಕುಳಿತೆವು. ದೂರವಾಣಿಗೆ ಉತ್ತರವಿರಲಿಲ್ಲ, ದಡದಿಂದ ದೂರ ಹೋದರೆ ಅದು ಕೆಲಸಕ್ಕೆ ಬಾರದು. ಬಂದ ಬೋಟಿನವರನ್ನೆಲ್ಲ ಕೇಳಿದೆವು, ಯಾರೂ ಕಂಡಿರಲಿಲ್ಲ. ಹನ್ನೊಂದು ಗಂಟೆ ದಾಟಿದ ಮೇಲೆ, ಬೇರೆ ಊರಿನ ಬೋಟೊಂದರ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆಸಿಕೊಂಡು ಬರುತ್ತಿದ್ದ ನಮ್ಮ ಬೋಟು ಕಾಣಿಸಿತು.

ಅಳಿಯನು ಹೇಳಿದ ವೃತ್ತಾಂತವಿಷ್ಟು. ರಾತ್ರಿ ಎಂಟಕ್ಕೆ ಬಲೆ ಬಿಟ್ಟು ಇಂಜಿನು ನಿಲ್ಲಿಸಿ, ನಿಯಮದಂತೆ ದೀಪಗಳನ್ನು ಹಚ್ಚಿ, ಅಲೆಯೊಡನೆ ತೇಲುತ್ತಿದ್ದರು. ಎರಡು ಗಂಟೆಗೆ ಬಲೆಯೆಳೆಯಲು ಇಂಜಿನು ಹೊರಡಿಸಿದರೆ 'ಟಕ್' ಎಂಬ ಸದ್ದಲ್ಲದೆ ಮತ್ತೇನೂ ಇಲ್ಲ. ಮತ್ತೆ ಒತ್ತಿದರು, ಮತ್ತೆ 'ಟಕ್'. ಹೀಗೆ ಇಪ್ಪತ್ತು ಮೂವತ್ತು ಸಲವಾಯಿತು. ಮೂರೂವರೆಯ ಹೊತ್ತಿಗೆ ದೀಪಗಳು ಕೆಂಡದಂತೆ ಕೆಂಪಾಗಿ, ಆಮೇಲೆ ಆರಿಹೋದವು. ವಯರ್‌ಲೆಸ್ಸಿನಲ್ಲಿ ಕೂಗೋಣವೆಂದು ಮಾತನಾಡುವ ಗುಂಡಿಯನ್ನು ಒತ್ತಿದೊಡನೆ ಅದೂ ಸತ್ತಿತು. ಆ ಗಾಢಾಂಧಕಾರದಲ್ಲಿ ಸರಕಿನ ಹಡಗೊಂದು ನೇರವಾಗಿ ಅವರತ್ತ ಬಂತು. ಕೈಬ್ಯಾಟರಿಯನ್ನು ಬೀಸಿ, ತಪ್ಪಲೆಯನ್ನು ಬಡಿದು, ನಾಲ್ವರೂ ಗಂಟಲು ಹರಿಯುವಂತೆ ಕೂಗಿಕೊಂಡರು. ಹಡಗಿನವರು ಕಂಡರೋ ಇಲ್ಲವೋ ದೇವರೇ ಬಲ್ಲ. ಅದರ ಇಂಜಿನಿನ ಸದ್ದು ಎದೆಯಲ್ಲಿ ಕೇಳುವಷ್ಟು ಸಮೀಪದಲ್ಲಿ ಅದು ಹಾದುಹೋಯಿತು. ಅದರ ಅಲೆಗೆ ಬೋಟು ಮಗುಚುವಂತೆ ಹೊಯ್ದಾಡಿತು.

ಇದನ್ನೆಲ್ಲ ಕೇಳಿದ ಮೇಲೆ ತಂಗಿಯು ಒಂದೇ ಒಂದು ಮಾತನ್ನಾಡಿದಳು: "ಅಣ್ಣಯ್ಯ, ನಿನಗೆ ಗೊತ್ತಿದ್ದೂ ಬಿಟ್ಟದ್ದೋ, ಗೊತ್ತಿಲ್ಲದೆ ಬಿಟ್ಟದ್ದೋ?"

ಕೋಪದ ಮಾತಾಗಿದ್ದರೆ ಉತ್ತರ ಕೊಡಬಹುದಾಗಿತ್ತು. ಅವಳು ತಿಳಿಯುವುದಕ್ಕಾಗಿಯೇ ಕೇಳಿದ್ದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಬಂದರಿನಲ್ಲಿ ವೃದ್ಧರಾದ ಮೇಸ್ತ್ರಿಯೊಬ್ಬರಿದ್ದಾರೆ. ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ. ಬೋಟುಗಳ ವಿದ್ಯುತ್ತಿನ ಕೆಲಸ ಮಾಡಿದ್ದು ನಲವತ್ತು ವರುಷ. ಬೋಟನ್ನು ಸರಿಮಾಡಿಕೊಡಿರೆಂದು ಕೇಳಲಿಲ್ಲ, ಸರಿಮಾಡುವುದನ್ನು ನಮಗೆ ಕಲಿಸಿರೆಂದು ಕೇಳಿದೆವು. ಅವರು ನಕ್ಕು, "ಹೋಯ್ ಮಾಷ್ಟ್ರೇ, ಊರಿಗೆಲ್ಲ ಕಲಿಸಿದವರು ನೀವು. ನಿಮಗೆ ನಾನು ಎಂತ ಕಲಿಸುವುದು?" ಎಂದರು. ನಾವು ನಗಲಿಲ್ಲವೆಂಬುದನ್ನು ಕಂಡು ಗಂಭೀರರಾಗಿ, "ಆಗಲಿ. ಮೊದಲು ಬೆರಳಿನ ಉಂಗುರ, ಕೈಯ ವಾಚು ಎರಡನ್ನೂ ತೆಗೆದಿಡಿ. ಆಮೇಲೆ ಮೇಲೆ ನಿಂತು ನೋಡುವುದಲ್ಲ, ಕೆಳಗಿಳಿದು ಕೂತುಕೊಳ್ಳಿ" ಎಂದರು. ಬ್ಯಾಟರಿಯ ಎರಡು ಅಗ್ರಗಳ ನಡುವೆ ಉಂಗುರವಾಗಲಿ ಸ್ಪಾನರಾಗಲಿ ಅಡ್ಡಬಿದ್ದರೆ ನೂರಾರು ಆಂಪಿಯರುಗಳ ಪ್ರವಾಹವು ಅದರಲ್ಲಿ ನುಗ್ಗಿ, ಲೋಹವು ಕ್ಷಣಾರ್ಧದಲ್ಲಿ ಕಾದು ಕೆಂಪಾಗುತ್ತದೆ. ಹನ್ನೆರಡು ವೋಲ್ಟು ಮನುಷ್ಯನಿಗೆ ಷಾಕು ಕೊಡಲಾರದು. ಆದರೆ ಬೆರಳನ್ನು ಸುಡಬಲ್ಲದು, ಬೋಟನ್ನೂ ಸುಡಬಲ್ಲದು.

ಪರೀಕ್ಷೆಯು ಆರಂಭವಾಯಿತು. ಮೇಸ್ತ್ರಿಗಳು ಮೀಟರನ್ನು ಮುಟ್ಟಲೇ ಇಲ್ಲ. "ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಕೈ. ಮೀಟರು ಕಡೆಗೆ" ಎಂಬುದು ಅವರ ಸೂತ್ರ. ಬ್ಯಾಟರಿಯ ಋಣಾಗ್ರದಿಂದ ಹೊರಟ ದಪ್ಪ ತಂತಿಯು ಇಂಜಿನಿನ ಮೈಗೆ ಬೋಲ್ಟಿನಿಂದ ಬಿಗಿದಿರುವ ಸ್ಥಳವನ್ನು ಟಾರ್ಚು ಹಿಡಿದು ತೋರಿಸಿದರು. ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು. ಬೋಲ್ಟನ್ನು ಬಿಚ್ಚಿದಾಗ ಒಳಗೆಲ್ಲ ಹಸಿರು ಪುಡಿ! ನಮ್ಮ ಮನೆಗಳಲ್ಲಿ ಹುಣಿಸೆಹಣ್ಣು ಹಚ್ಚದೆ ಬಿಟ್ಟ ತಾಮ್ರದ ಕೊಡಕ್ಕೆ ಹಿಡಿಯುತ್ತದಲ್ಲವೇ, ಅದೇ ಕಿಲುಬು. ಉಪ್ಪುಗಾಳಿಯಲ್ಲಿ ಅದು ಇನ್ನೂ ಬೇಗ ಬೆಳೆಯುತ್ತದೆ. ಕಿಲುಬಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯದು.

"ಹಾಗಾದರೆ ದೀಪ ಉರಿಯಿತಲ್ಲ?" ಎಂದು ನಾವು ಕೇಳಿದೆವು.

"ದೀಪ ಎಷ್ಟು ಕುಡಿಯುತ್ತದೆ, ಸೆಲ್ಫು ಎಷ್ಟು ಕುಡಿಯುತ್ತದೆ? ಲೆಕ್ಕ ನಿಮ್ಮದೇ ಅಲ್ಲವೇ ಮಾಷ್ಟ್ರೇ, ಹಾಕಿ ನೋಡಿ" ಎಂದರು.

ಬೋಟಿನ ಹಲಗೆಯ ಮೇಲೆಯೇ ಸೀಮೆಸುಣ್ಣದಿಂದ ಲೆಕ್ಕ ಹಾಕಿದೆವು. ಕಿಲುಬಿನ ರೋಧವು ಒಂದು ಓಮಿನ ನೂರರಲ್ಲಿ ಎರಡು ಪಾಲು ಮಾತ್ರ ಎಂದಿಟ್ಟುಕೊಳ್ಳೋಣ. ದೀಪವೊಂದು 2 ಆಂಪಿಯರು ಎಳೆಯುತ್ತದೆ. ನಷ್ಟವಾಗುವುದು ಒಂದು ವೋಲ್ಟಿನ ನೂರರಲ್ಲಿ ನಾಲ್ಕು ಪಾಲು. ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಇಂಜಿನನ್ನು ತಿರುಗಿಸುವ ಸ್ಟಾರ್ಟರಾದರೋ 150 ಆಂಪಿಯರು ಎಳೆಯಿತೆನ್ನೋಣ. ಅದೇ ಕಿಲುಬಿನಲ್ಲಿ 3 ವೋಲ್ಟು ಕಳೆದುಹೋಗುತ್ತದೆ. ಹನ್ನೆರಡರಲ್ಲಿ ಮೂರು ಹೋದರೆ ಉಳಿದ ಒಂಬತ್ತು ಇಂಜಿನನ್ನು ತಿರುಗಿಸಲು ಸಾಲದು. 'ಟಕ್' ಎನ್ನಿಸಲು ಮಾತ್ರ ಸಾಕು. ಸೀಮೆಸುಣ್ಣವನ್ನು ಕೆಳಗಿಟ್ಟೆವು. ಮೂವತ್ತೊಂದು ವರುಷ ಬರೆದ ನಿಯಮವೇ ಇದು! ದೀಪ ಉರಿದರೆ ಎಲ್ಲವೂ ಸರಿಯೆಂದು ಫೆಬ್ರವರಿಯಲ್ಲಿ ನಾವಾಡಿದ ಮಾತಿಗೆ ಹುಡುಗರ ಉತ್ತರಪತ್ರಿಕೆಯಲ್ಲಾಗಿದ್ದರೆ ಸೊನ್ನೆಯನ್ನೇ ಕೊಡುತ್ತಿದ್ದೆವು.

ಎರಡನೆಯ ರೋಗವು ಬ್ಯಾಟರಿಯಲ್ಲಿಯೇ ಇತ್ತು. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದ ಈ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ಎಂಬುವನು 1859ರಲ್ಲಿ ನಿರ್ಮಿಸಿದನು. ಹನ್ನೆರಡು ವೋಲ್ಟಿನ ಪೆಟ್ಟಿಗೆಯಲ್ಲಿ ಅಂತಹ ಆರು ಮನೆಗಳಿರುತ್ತವೆ. ವಿದ್ಯುತ್ತು ಹೊರಗೆ ಹರಿದಂತೆಲ್ಲ ಆಮ್ಲವು ತೆಳ್ಳಗಾಗಿ, ಫಲಕಗಳ ಮೇಲೆ ಸೀಸದ ಲವಣವು ಕೂರುತ್ತದೆ. ತಿರುಗಿ ತುಂಬಿಸಿದರೆ ಅದು ಕರಗುತ್ತದೆ. ಆದರೆ ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಲವಣವು ಹರಳುಗಟ್ಟಿ ಗಟ್ಟಿಯಾಗಿ, ಮತ್ತೆ ಕರಗುವುದಿಲ್ಲ. ಬ್ಯಾಟರಿಯ ಹೊಟ್ಟೆಯೇ ಚಿಕ್ಕದಾಗುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹಿಂದಿನ ವರುಷದ ಆ ಎರಡು ತಿಂಗಳೂ ನಮ್ಮ ಬ್ಯಾಟರಿಯು ದಡಕ್ಕೆಳೆದ ಬೋಟಿನಲ್ಲಿಯೇ ಇತ್ತು. ಮನೆಗೆ ತಂದು ಇಟ್ಟುಕೊಳ್ಳುವುದು ರಗಳೆಯೆಂದು ಬಿಟ್ಟಿದ್ದೆವು. ಮೇಸ್ತ್ರಿಗಳು ಹೈಡ್ರೋಮೀಟರನ್ನು ನಮ್ಮ ಕೈಗೆ ಕೊಟ್ಟರು. ತುಂಬಿದ ಮನೆಯಲ್ಲಿ ಆಮ್ಲದ ವಿಶಿಷ್ಟ ಗುರುತ್ವವು ಸುಮಾರು 1.265 ಇರಬೇಕು, 1.200 ಅಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ, 1.120 ಅಂದರೆ ಬರಿದು. ಇಡೀ ದಿನ ಚಾರ್ಜು ಮಾಡಿದರೂ ನಮ್ಮ ಬ್ಯಾಟರಿಯ ಎರಡು ಮನೆಗಳು 1.180ನ್ನು ದಾಟಲಿಲ್ಲ.

ಆ ರಾತ್ರಿಯ ಲೆಕ್ಕವೂ ಆಗ ಹೊಂದಿಕೊಂಡಿತು. 25 ವಾಟಿನ ಹಳೆಯ ಬಲ್ಬುಗಳು ಮೂರು. ಒಟ್ಟು 6 ಆಂಪಿಯರಿಗೆ ಮೇಲೆ. ಎಂಟರಿಂದ ಎರಡರವರೆಗೆ ಆರು ಗಂಟೆಯ ಕಾಲ; ಅಂದರೆ 37 ಆಂಪಿಯರ್-ಗಂಟೆ. ಅದರ ಮೇಲೆ ಜಿ.ಪಿ.ಎಸ್. ಯಂತ್ರವೂ ವಯರ್‌ಲೆಸ್ಸೂ ಕುಡಿದದ್ದು ಬೇರೆ, ಸ್ಟಾರ್ಟರಿನ ಮೂವತ್ತು 'ಟಕ್'ಗಳು ಬೇರೆ. ನೂರು ಎಂದು ಬರೆದಿದ್ದ ಬ್ಯಾಟರಿಯಲ್ಲಿ ಅರ್ಧವೂ ಉಳಿದಿರಲಿಲ್ಲ. ದೀಪಕ್ಕೂ ವಯರ್‌ಲೆಸ್ಸಿಗೂ ಇಂಜಿನಿಗೂ ಅದೊಂದೇ ಬ್ಯಾಟರಿಯಾದುದರಿಂದ, ಒಂದರ ಜತೆಗೆ ಎಲ್ಲವೂ ಮುಳುಗಿದುವು. ವಯರ್‌ಲೆಸ್ಸು ಕೇಳಿಸಿಕೊಳ್ಳುವಾಗ ಅರ್ಧ ಆಂಪಿಯರಿಗಿಂತಲೂ ಕಡಮೆ ಸಾಕು, ಮಾತನಾಡುವಾಗ ಐದಾರು ಬೇಕು. ಗುಂಡಿ ಒತ್ತಿದೊಡನೆ ಅದು ಸತ್ತ ರಹಸ್ಯವು ಇದೇ.

ಹುಡುಗರು ಉಳಿದ ಎರಡು ತಿಂಗಳನ್ನು ಎರವಲು ಬ್ಯಾಟರಿಯೊಂದಿಗೆ ದಡದ ಸಮೀಪದಲ್ಲಿಯೇ ಕಳೆದರು. ಜೂನಿನಲ್ಲಿ ಬೋಟು ದಡವೇರಿತು; ನಮ್ಮ ಪಾಠಶಾಲೆ ತೆರೆಯಿತು. ಮಳೆ ಸುರಿಯುತ್ತಿದ್ದರೆ ತಾಡಪಾಲಿನ ಕೆಳಗೆ, ಮಳೆ ನಿಂತರೆ ಬಯಲಿನಲ್ಲಿ, ಪ್ರತಿನಿತ್ಯ ಎರಡು ಗಂಟೆ. ಕಲಿತ ಸಂಗತಿಗಳಲ್ಲಿ ಮುಖ್ಯವಾದುವನ್ನು ವಾಚಕರ ಮುಂದಿಡುತ್ತೇವೆ. ಬೋಟು ಇಲ್ಲದವರ ಮನೆಯಲ್ಲಿಯೂ ಈಗ ಬ್ಯಾಟರಿಯುಂಟು, ಇನ್ವರ್ಟರುಂಟು, ವಾಹನವುಂಟು. ಆದುದರಿಂದ ಇದು ಯಾರಿಗೂ ವ್ಯರ್ಥವಾಗಲಾರದು.

ಬ್ಯಾಟರಿಯನ್ನು ಬಿಚ್ಚುವಾಗ ಮೊದಲು ಋಣಾಗ್ರದ ತಂತಿ, ಜೋಡಿಸುವಾಗ ಅದು ಕಡೆಯದು. ಕಾರಣವಿಷ್ಟೇ: ಋಣಾಗ್ರವು ಇಂಜಿನಿನ ಮೈಗೆ ಸೇರಿಕೊಂಡಿರುವಾಗ ಧನಾಗ್ರವನ್ನು ಬಿಚ್ಚಲು ಹೋದರೆ, ಸ್ಪಾನರು ಇಂಜಿನಿಗೆ ತಗುಲಿದ ಕೂಡಲೆ ಕಿಡಿ ಹಾರುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕವು ಹೊರಡುತ್ತದೆ. ಮುಚ್ಚಿದ ಜಾಗದಲ್ಲಿ ಅದು ಕೂಡಿಕೊಂಡಿದ್ದರೆ ಒಂದು ಕಿಡಿ ಸಾಕು. ಆದುದರಿಂದ ಮೊದಲು ಮುಚ್ಚಳವನ್ನು ತೆರೆದು ಗಾಳಿಯಾಡಿಸಬೇಕು, ಬೀಡಿ ದೂರವಿರಬೇಕು. ಫಲಕಗಳು ಯಾವಾಗಲೂ ದ್ರವದಲ್ಲಿ ಮುಳುಗಿರಬೇಕು. ಕಡಮೆಯಾದರೆ ಬಟ್ಟಿಯಿಳಿಸಿದ ನೀರನ್ನು ಮಾತ್ರ ಹಾಕತಕ್ಕದ್ದು, ಬಾವಿಯ ನೀರನ್ನಲ್ಲ, ಆಮ್ಲವನ್ನೂ ಅಲ್ಲ. ಚೆಲ್ಲಿದ ಆಮ್ಲಕ್ಕೆ ಅಡಿಗೆಯ ಸೋಡವನ್ನು ನೀರಿನಲ್ಲಿ ಕದಡಿ ಹೊಯ್ದರೆ ನೊರೆಯೆದ್ದು ಶಮನವಾಗುತ್ತದೆ. ಆ ನೀರು ಬ್ಯಾಟರಿಯ ಒಳಗೆ ಹೋಗದಂತೆ ಬಿರಡೆಗಳನ್ನು ಬಿಗಿಯಾಗಿ ಮುಚ್ಚಿರಬೇಕು. ನಮ್ಮ ಮನೆಯವರ ಸೋಡದ ಡಬ್ಬಿಯು ಈ ವಿದ್ಯೆಯಿಂದಾಗಿ ಎರಡು ಸಲ ಬರಿದಾಯಿತು. ಜಗಲಿಯ ಮೇಲೆ ಬ್ಯಾಟರಿಯನ್ನು ಚಾರ್ಜಿಗಿಟ್ಟ ವಾರದಲ್ಲಿ ನಮ್ಮ ಪಂಚೆಯೊಂದು ಜರಡಿಯಾಯಿತು. "ವಿದ್ಯೆ ಮೈಮೇಲೆ ಕಾಣಿಸುತ್ತಿದೆ" ಎಂದು ಅವರು ಹೇಳಿದ್ದನ್ನು ಪ್ರಶಂಸೆಯೆಂದೇ ಸ್ವೀಕರಿಸಿದೆವು.

ಫ್ಯೂಸಿನ ವಿಷಯದಲ್ಲಿ ನಮ್ಮ ಅಜ್ಞಾನವು ದೊಡ್ಡದಿತ್ತು. ಫ್ಯೂಸು ದೀಪವನ್ನು ಕಾಪಾಡುವುದಕ್ಕೆಂದು ನಾವು ತಿಳಿದಿದ್ದೆವು. ಅದು ಇರುವುದು ಮುಖ್ಯವಾಗಿ ವೈರನ್ನು ಕಾಪಾಡುವುದಕ್ಕೆ. ವೈರು ಎಲ್ಲಿಯಾದರೂ ಉಜ್ಜಿ ಸುಲಿದು ಒಂದಕ್ಕೊಂದು ತಗುಲಿದರೆ, ಬ್ಯಾಟರಿಯಲ್ಲಿದ್ದ ಶಕ್ತಿಯೆಲ್ಲ ಅದರಲ್ಲಿ ಹರಿದು ವೈರೇ ಒಲೆಯಾಗುತ್ತದೆ. ಅದಕ್ಕೆ ಮುಂಚೆ ಫ್ಯೂಸು ಕರಗಿ ದಾರಿಯನ್ನು ಕಡಿಯಬೇಕು. ಆದುದರಿಂದ ಅದನ್ನು ಬ್ಯಾಟರಿಗೆ ಆದಷ್ಟು ಸಮೀಪದಲ್ಲಿಡಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಣ ತಂತಿಗೆ ಕಾವಲಿಲ್ಲ. ನಮ್ಮ ಬೋಟಿನ ಫ್ಯೂಸಿನ ಮನೆಯಲ್ಲಿ ಮೇಸ್ತ್ರಿಗಳಿಗೆ ಸಿಕ್ಕಿದ್ದು ಸಿಗರೇಟು ಪೊಟ್ಟಣದ ಬೆಳ್ಳಿಕಾಗದದ ಸುರುಳಿ. ಅಳಿಯನು ತಲೆ ತಗ್ಗಿಸಿದನು. ಹಿಂದೊಮ್ಮೆ ನಡುಸಮುದ್ರದಲ್ಲಿ ಫ್ಯೂಸು ಹೋದಾಗ ಬದಲಿಯಿರಲಿಲ್ಲವಂತೆ. ನಾವು ಅವನನ್ನು ಬೈಯಲಿಲ್ಲ. ಬದಲಿ ಫ್ಯೂಸಿನ ಡಬ್ಬಿಯು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಡದೆ ಉಳಿದಿತ್ತೆಂಬುದು ನಮಗೆ ಗೊತ್ತಿತ್ತು.

ವೈರುಗಳನ್ನೆಲ್ಲ ಹೊಸದಾಗಿ ಎಳೆದೆವು. ಮನೆಗೆ ಹಾಕುವ ಬರಿಯ ತಾಮ್ರದ ವೈರು ಬೋಟಿಗೆ ಸಲ್ಲದು. ಉಪ್ಪುನೀರು ತುದಿಯಿಂದ ಎಳೆಗಳ ನಡುವೆ ಏರಿ, ಹೊದಿಕೆಯ ಒಳಗೇ ತಾಮ್ರವನ್ನು ಕರ್ರಗೆ ಮಾಡುತ್ತದೆ. ತವರದ ಲೇಪವುಳ್ಳ, ಬಹಳ ಎಳೆಗಳ ತಂತಿಯೇ ಉತ್ತಮವಾದುದು. ಜೋಡಣೆಯನ್ನು ಕೈಯಿಂದ ತಿರುಚಿ ಟೇಪು ಸುತ್ತುವ ಪದ್ಧತಿಯನ್ನು ಮೇಸ್ತ್ರಿಗಳು ಮಹಾಪಾಪವೆಂದು ಎಣಿಸುತ್ತಾರೆ. ತುದಿಗೆ ತಕ್ಕ ಲಗ್ಗನ್ನು ಒತ್ತಿ ಕೂರಿಸಿ, ಮೇಲೆ ಕಾಯಿಸಿದರೆ ಕುಗ್ಗುವ ಕೊಳವೆಯನ್ನು ಹಾಕಬೇಕು. ಬಿಗಿದಾದ ಮೇಲೆ ಸ್ವಲ್ಪ ವ್ಯಾಸಲೀನು ಸವರಿದರೆ ಉಪ್ಪುಗಾಳಿಯು ಒಳಹೋಗದು. ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪಿನ ವೈರು ಮಾತ್ರ ಮುಖ್ಯ ಸ್ವಿಚ್ಚಿನ ಮೂಲಕ ಹೋಗಬಾರದು. ತನ್ನದೇ ಫ್ಯೂಸಿನೊಡನೆ ನೇರವಾಗಿ ಬ್ಯಾಟರಿಗೆ ಸೇರಿರಬೇಕು. ಎಲ್ಲರೂ ಸ್ವಿಚ್ಚು ಆರಿಸಿ ಮನೆಗೆ ಹೋದ ಮೇಲೆಯೂ ಬೋಟಿಗೆ ನೀರು ಬರಬಹುದಷ್ಟೆ.

ಬ್ಯಾಟರಿಗಳು ಈಗ ಎರಡು. ಒಂದು ಇಂಜಿನಿಗೆ ಮಾತ್ರ ಮೀಸಲು. ಇನ್ನೊಂದು ದೀಪ, ವಯರ್‌ಲೆಸ್ಸು ಮುಂತಾದುವಕ್ಕೆ. ಎರಡರ ನಡುವೆ ಸ್ವಿಚ್ಚುಂಟು, ಆಪತ್ತಿನಲ್ಲಿ ಕೂಡಿಸಬಹುದು. ಬಿತ್ತನೆಯ ಬತ್ತವನ್ನು ಊಟದ ಬತ್ತದೊಡನೆ ಬೆರೆಸದೆ ಬೇರೆ ಇಡುವ ರೈತನ ವಿವೇಕವೇ ಇದು. ಹಳೆಯ ಬಲ್ಬುಗಳಿಗೆ ಬದಲಾಗಿ 3 ವಾಟಿನ ಎಲ್.ಇ.ಡಿ. ದೀಪಗಳು ಬಂದುವು. ಆರು ಗಂಟೆಗೆ 37 ಬೇಕಾಗಿದ್ದಲ್ಲಿ ಈಗ ನಾಲ್ಕೂವರೆ ಆಂಪಿಯರ್-ಗಂಟೆ ಸಾಕು.

ಇಂಜಿನಿನ ಕೆಳಗೆ, ನೀರಿನಲ್ಲಿ ಮುಳುಗುವ ಲೋಹದ ಬಳಿ ಸತುವಿನ ಗಟ್ಟಿಯೊಂದನ್ನು ಬಿಗಿದಾಗ ಮಾತ್ರ ಮೇಸ್ತ್ರಿಗಳಿಗೆ ನಾವೊಂದು ಕಥೆ ಹೇಳಿದೆವು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಕೂಡಿಕೊಂಡಿದ್ದರೆ ಅದೇ ಒಂದು ಬ್ಯಾಟರಿಯಾಗಿ, ದುರ್ಬಲವಾದ ಲೋಹವು ಸವೆಯುತ್ತದೆ. 1800ರಲ್ಲಿ ಇಟಲಿಯ ವೋಲ್ಟಾ ಇದೇ ತತ್ತ್ವದಿಂದ ಮೊತ್ತಮೊದಲ ಬ್ಯಾಟರಿಯನ್ನು ಮಾಡಿದನು. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಯುದ್ಧದ ಹಡಗುಗಳ ತಾಮ್ರದ ಹೊದಿಕೆಯನ್ನು ಉಳಿಸಲು ಸತು ಕಬ್ಬಿಣಗಳ ತುಂಡುಗಳನ್ನು ಜೋಡಿಸುವ ಉಪಾಯವನ್ನು ಹೇಳಿದನು. ತಾನು ಸವೆದು ಇನ್ನೊಂದನ್ನು ಉಳಿಸುವುದೇ ಸತುವಿನ ಕೆಲಸ. ಮೇಸ್ತ್ರಿಗಳು ಶ್ರದ್ಧೆಯಿಂದ ಕೇಳಿ, "ಇಷ್ಟು ವರುಷ ಹಾಕುತ್ತಿದ್ದೆ, ಹೆಸರು ಗೊತ್ತಿರಲಿಲ್ಲ" ಎಂದರು. ಅವರಿಗೆ ಹೆಸರು ಗೊತ್ತಿರಲಿಲ್ಲ, ನಮಗೆ ಹೆಸರಲ್ಲದೆ ಮತ್ತೇನೂ ಗೊತ್ತಿರಲಿಲ್ಲ.

ಇನ್ನು ದೋಷವನ್ನು ಹುಡುಕುವ ಕಲೆ. ದೀಪವೊಂದು ಉರಿಯದಿದ್ದರೆ ಬ್ಯಾಟರಿಯಿಂದ ಹೊರಟು ಸ್ವಿಚ್ಚು, ಫ್ಯೂಸು, ಕಂಬದ ಬುಡದ ಜೋಡಣೆ, ದೀಪದ ಹೋಲ್ಡರು ಎಂದು ಒಂದೊಂದನ್ನೇ ನೋಡುತ್ತ ಹೋದರೆ ಬೆಳಗಾಗುತ್ತದೆ. ಮೇಸ್ತ್ರಿಗಳು ನಡುವಿನಿಂದ ಆರಂಭಿಸುತ್ತಾರೆ. ಅಲ್ಲಿ ವಿದ್ಯುತ್ತಿದ್ದರೆ ದೋಷವು ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ನಾಲ್ಕು ಸಲ ಹೀಗೆ ಮಾಡಿದರೆ ಹದಿನಾರು ಸ್ಥಳಗಳಲ್ಲಿ ತಪ್ಪಿದ್ದ ಒಂದು ಸ್ಥಳವು ಸಿಕ್ಕುತ್ತದೆ. ಇನ್ನೂ ಒಂದು ಎಚ್ಚರಿಕೆಯುಂಟು. ಮೀಟರು ಸ್ವತಃ ಏನನ್ನೂ ಕುಡಿಯುವುದಿಲ್ಲವೆಂಬಷ್ಟು ಕಡಮೆ ಕುಡಿಯುತ್ತದೆ. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಕಡಿದುಹೋಗಿ ಒಂದೇ ಎಳೆ, ಅದೂ ಕಿಲುಬು ಹಿಡಿದು ಉಳಿದಿದ್ದರೂ, ಹೊರೆಯಿಲ್ಲದಾಗ ಮೀಟರು 12.6 ಎಂದು ನಿಶ್ಚಿಂತೆಯಿಂದ ಹೇಳುತ್ತದೆ. ದೀಪವನ್ನು ಹಚ್ಚಿ, ಹೊರೆ ಹೊರಿಸಿ, ಆಗ ಅಳೆಯಬೇಕು. "ಸುಮ್ಮನೆ ನಿಂತವನ ಬಲ ಯಾರಿಗೆ ಗೊತ್ತಾಗುತ್ತದೆ? ಮೂಟೆ ಹೊರಿಸಿ ನೋಡಿ" ಎಂಬುದು ಮೇಸ್ತ್ರಿಗಳ ಮಾತು.

ಮನೆಗಳಲ್ಲಿ ಬೇಕಾಗುವ ಅಂಕೆಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಬ್ಯಾಟರಿಯಲ್ಲಿ 12.6 ಅಥವಾ 12.7 ವೋಲ್ಟಿದ್ದರೆ ತುಂಬಿದೆ; 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಾದರೆ ಬರಿದಾಗುತ್ತಿದೆ. ಇಂಜಿನು ಓಡುವಾಗ 14ರ ಸುಮಾರಿಗೆ ಏರಬೇಕು. ಏರದಿದ್ದರೆ ಡೈನಮೋವಿನ ಬೆಲ್ಟು ಸಡಿಲವಾಗಿದೆಯೇ ಎಂದು ಮೊದಲು ನೋಡಬೇಕು. ಅರ್ಧಕ್ಕಿಂತ ಹೆಚ್ಚು ಬರಿದು ಮಾಡದೆ, ಬರಿದಾದುದನ್ನು ಕೂಡಲೇ ತುಂಬಿಸಿದರೆ ಬ್ಯಾಟರಿಯು ದೀರ್ಘಾಯುವಾಗುತ್ತದೆ.

ಆಗಸ್ಟಿನಲ್ಲಿ ಕಡಲು ಶಾಂತವಾದ ಮೇಲೆ ಬೋಟು ನೀರಿಗಿಳಿಯಿತು. ಸೆಪ್ಟೆಂಬರಿನ ಒಂದು ಸಂಜೆ ಅಳಿಯನಿಂದ ಕರೆ ಬಂತು: "ಮಾವ, ಕಂಬದ ಕೆಂಪು ದೀಪ ಉರಿಯುವುದಿಲ್ಲ. ಇಂದು ಹೋಗಬೇಕೋ ಬೇಡವೋ?" ನಮ್ಮಂತಹ ಬಲೆಯ ಬೋಟು ರಾತ್ರಿ ಕೆಲಸದಲ್ಲಿರುವಾಗ ಮೇಲೆ ಕೆಂಪು, ಕೆಳಗೆ ಬಿಳಿ ದೀಪಗಳು ಸುತ್ತಲಿಗೂ ಕಾಣುವಂತಿರಬೇಕೆಂಬುದು ಸಮುದ್ರದ ಅಂತಾರಾಷ್ಟ್ರೀಯ ನಿಯಮ; ಟ್ರಾಲ್ ಬೋಟಿಗೆ ಹಸುರು ಮತ್ತು ಬಿಳಿ. ಕೆಂಪು ಆರಿದರೆ ಹಡಗಿನವರಿಗೆ ನಾವು ಯಾರೆಂಬುದು ತಿಳಿಯದು. ಮೇಸ್ತ್ರಿಗಳು ಊರಿನಲ್ಲಿರಲಿಲ್ಲ. ಉಂಗುರವನ್ನೂ ವಾಚನ್ನೂ ತೆಗೆದಿಟ್ಟು ದಕ್ಕೆಗೆ ನಡೆದೆವು. ತಂಗಿಯೂ ಹಿಂದೆಯೇ ಬಂದಳು.

ಕಂಬದ ದೀಪವನ್ನು ಬಿಚ್ಚಿ ಹೋಲ್ಡರಿನಲ್ಲಿ ಅಳೆದೆವು: 12.6. ಫೆಬ್ರವರಿಯಾಗಿದ್ದರೆ ದೀಪವೇ ಕೆಟ್ಟಿದೆಯೆಂದು ತೀರ್ಮಾನಿಸುತ್ತಿದ್ದೆವು. ಈಗ ದೀಪವನ್ನು ಮತ್ತೆ ಹಾಕಿ, ಹೊರೆಯೊಡನೆ ಅಳೆದೆವು: 3ಕ್ಕೂ ಕೆಳಗೆ. ನಡುವೆ ಎಲ್ಲಿಯೋ ದಾರಿ ಕಟ್ಟಿತ್ತು. ಅರ್ಧಕ್ಕೆ, ಎಂದರೆ ಕಂಬದ ಬುಡಕ್ಕೆ ಬಂದೆವು. ಧನ ತಂತಿಯು ಬ್ಯಾಟರಿಯಿಂದ ದೀಪದವರೆಗೆ ಎಲ್ಲಿ ನೋಡಿದರೂ ನಿರ್ದೋಷವಾಗಿತ್ತು. ಬೆವರಿಳಿಯಿತು. ಕತ್ತಲಾಗುತ್ತ ಬಂತು. ಆಳುಗಳು ತಮ್ಮ ತಮ್ಮಲ್ಲಿ ಪಿಸುಗುಟ್ಟಿಕೊಳ್ಳತೊಡಗಿದರು. ಆಗ ನೆನಪಾಯಿತು: ಹೋದ ವಿದ್ಯುತ್ತು ತಿರುಗಿಯೂ ಬರಬೇಕಷ್ಟೆ! ಹೋಗುವ ದಾರಿಯನ್ನೇ ಎಲ್ಲರೂ ನೋಡುತ್ತಾರೆ, ಬರುವ ದಾರಿಯನ್ನು ಮರೆಯುತ್ತಾರೆ. ಋಣ ತಂತಿಯ ಜೋಡಣೆಯನ್ನು ಬಿಚ್ಚಿದೆವು. ಕೊಳವೆಯನ್ನು ಕಾಯಿಸುವಾಗ ಒಂದು ಅಂಚು ಸರಿಯಾಗಿ ಕೂತಿರಲಿಲ್ಲ. ಎರಡೇ ತಿಂಗಳ ಮಳೆಗೂ ತುಂತುರಿಗೂ ನೀರು ಒಳಗಿಳಿದು ಲಗ್ಗಿನ ಹಿಡಿತವು ಕಿಲುಬಾಗಿತ್ತು. ಆ ಜೋಡಣೆಯನ್ನು ಮಾಡಿದವರು ನಾವೇ. ಕತ್ತರಿಸಿ, ಹೊಸ ಲಗ್ಗು ಒತ್ತಿ, ಈ ಸಲ ಸುತ್ತಲೂ ಸಾವಕಾಶವಾಗಿ ಕಾಯಿಸಿ ಮುಚ್ಚಿದೆವು.

ಅಳಿಯನು ಸ್ವಿಚ್ಚನ್ನು ಒತ್ತಿದನು. ಮೇಲೆ ಕೆಂಪು, ಕೆಳಗೆ ಬಿಳಿ. ತಂಗಿಯು ತಲೆಯೆತ್ತಿ ಬಹಳ ಹೊತ್ತು ನೋಡಿದಳು. ನಾವು ಇಷ್ಟಕ್ಕೆ ನಿಲ್ಲಿಸದೆ ವಯರ್‌ಲೆಸ್ಸಿನಲ್ಲಿ ಮಾತನಾಡಿಸಿ ನೋಡಿದೆವು. ಇಂಜಿನನ್ನು ಎರಡು ಸಲ ಹೊರಡಿಸಿ ನಿಲ್ಲಿಸಿ, ಅದು ಎಳೆಯುವಾಗ ವೋಲ್ಟು ಎಷ್ಟು ಇಳಿಯುತ್ತದೆಂದು ಬರೆದುಕೊಂಡೆವು. ಆಮೇಲೆ ತಂಗಿಯ ಕಡೆಗೆ ತಿರುಗಿ, ಆರು ತಿಂಗಳಿಂದ ಸಾಲವಾಗಿ ಉಳಿದಿದ್ದ ಉತ್ತರವನ್ನು ಹೇಳಿದೆವು: "ಅಂದು ಗೊತ್ತಿಲ್ಲದೆಯೇ ಬಿಟ್ಟದ್ದು, ತಂಗೀ. ಆದರೆ ಗೊತ್ತಿದೆ ಎಂದುಕೊಂಡು ಬಿಟ್ಟದ್ದು. ತಪ್ಪು ಅದರಲ್ಲಿದೆ."

ಅವಳು ಏನೂ ಹೇಳಲಿಲ್ಲ. ಬೋಟು ಅಳಿವೆಯನ್ನು ದಾಟಿ, ಕೆಂಪು ಬಿಳಿ ಎರಡೂ ಒಂದೇ ಚುಕ್ಕಿಯಾಗುವವರೆಗೆ ನಿಂತಿದ್ದು, "ಹೊತ್ತಾಯಿತು ಅಣ್ಣಯ್ಯ, ಊಟಕ್ಕೆ ನಮ್ಮಲ್ಲಿಗೇ ಬಾ" ಎಂದಳು.

ಈಗ ನಮ್ಮ ಲೆಕ್ಕದ ಪುಸ್ತಕದಲ್ಲಿ ಹೊಸದೊಂದು ಪುಟವಿದೆ. ಪ್ರತಿ ತಿಂಗಳ ಮೊದಲ ದಿನ ಆರು ಮನೆಗಳ ಗುರುತ್ವ, ವಿಶ್ರಾಂತಿಯ ವೋಲ್ಟು, ಇಂಜಿನು ಎಳೆಯುವಾಗಿನ ವೋಲ್ಟು, ಬದಲಿ ಫ್ಯೂಸುಗಳ ಸಂಖ್ಯೆ, ಇವು ಅಲ್ಲಿ ಬರೆಯಲ್ಪಡುತ್ತವೆ. ದುರಸ್ತಿಯ ಕಾಲಮಿನಲ್ಲಿ ಸೊನ್ನೆ ಬಂದ ತಿಂಗಳು ನಮಗೆ ಸಂತೋಷವಾಗುವುದಿಲ್ಲ. ಏನನ್ನೋ ನೋಡದೆ ಬಿಟ್ಟಿದ್ದೇವೆಂದು ಶಂಕಿಸಿ ಟಾರ್ಚು ಹಿಡಿದು ದಕ್ಕೆಗೆ ಹೊರಡುತ್ತೇವೆ. ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯ ಮಕ್ಕಳಾಗಲಿ ಕೆಲಸದವರಾಗಲಿ ಬಂದು, "ಇದು ಒಮ್ಮೊಮ್ಮೆ ಸರಿಯಾಗಿ ನಡೆಯುವುದಿಲ್ಲ" ಎಂದರೆ, ನಡೆದ ಸಲವನ್ನು ತೋರಿಸಿ ಅವರ ಬಾಯನ್ನು ಮುಚ್ಚಿಸದಿರಿ. ನಡೆಯದ ಸಲ ಯಾವುದೆಂದು ಕೇಳಿ, ಅದನ್ನು ಹೋಗಿ ನೋಡಿರಿ.